ನಾಗವೇಣಿಯ ಸವಿಮಾತು

ಕಳೆದ ವಾರ ಸಿದ್ದಾಪುರದ ಬಸ್ ನಿಲ್ದಾಣದ ಹತ್ತಿರ ಒಂದು ಟೇಲರ್ ಅಂಗಡಿಯ ಮೆಟ್ಟಿಲ ಮೇಲೆ ಯಲ್ಲಾಪುರದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಒಳಗೆ ಟೇಲರ್ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ. ಆ ವಾಸನೆ ಮೂಗಿಗೆ ಬಂದದ್ದೇ ನನ್ನ ಕಾಲು ತಾನಾಗಿ ಒಳಗೆ ಹೋಯಿತು. ಕಪ್ಪು ಬಣ್ಣದ ಹಳೆಯ ಕಾಲ್ಮಿಷನ್ನು, ಬಲಗಡೆ ಮರದ ಸಣ್ಣ ಡ್ರಾವರು.

"ತಮ್ಮಾ, ಆ ಡ್ರಾವರ್ ಒಂದ್ಸಲ ಎಳೆದು ತೋರಿಸ್ತೀಯಾ?" ಎಂದೆ.

ಅವನು ನನ್ನ ಮುಖ ನೋಡಿದ. "ಎಂತಕ್ಕೆ ಅಜ್ಜಾ? ಅದ್ರಲ್ಲಿ ಬಾಬಿನ್ನು, ಮುರುಕು ಗುಂಡಿ ಬಿಟ್ರೆ ಎಂತೂ ಇಲ್ಲೆ" ಎನ್ನುತ್ತಲೇ ಎಳೆದ. ಬಾಬಿನ್, ಸೀಮೆಸುಣ್ಣದ ಚೂರು, ಗುಂಡಿ. ಬೇರೇನೂ ಇರಲಿಲ್ಲ. ಡ್ರಾವರಿನ ತಳಕ್ಕೆ ಕೈಹಾಕಿ ಸವರಿ ನೋಡಿದೆ.

"ಎಂತ ಹುಡುಕ್ತೀರಿ?"

"ಒಂದು ಫೋಟೋ."

"ಯಾರ್ದು?"

ಅಷ್ಟರಲ್ಲಿ ಬಸ್ಸು ಬಂತು. ನಾನು ಉತ್ತರ ಕೊಡದೆ ಹೊರಟುಬಂದೆ. ಈ ಎರಡು ವರ್ಷದಲ್ಲಿ ಸಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಟೇಲರ್‌ಗಳ ಡ್ರಾವರು ಎಳೆಸಿದ್ದೇನೆ. ಎಲ್ಲರೂ ಇದೇ ಪ್ರಶ್ನೆ ಕೇಳಿದ್ದಾರೆ, ನಾನು ಯಾರಿಗೂ ಉತ್ತರ ಹೇಳಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಬೆರಳನ್ನು ಮೂಸಿಕೊಂಡೆ. ಎಣ್ಣೆಯ ವಾಸನೆ ಹಾಗೇ ಇತ್ತು. ಎರಡು ವರ್ಷದ ಹಿಂದಿನ ಆ ಮಳೆಗಾಲವನ್ನು ಈಗಲಾದರೂ ಬರೆದುಬಿಡಬೇಕು ಅನ್ನಿಸಿತು. ಬರೆಯುತ್ತಿರುವುದು ನಾನೇ, ಪೆನ್ಸಿಲ್ಲಿನಲ್ಲಿ. ಕೈ ನಡುಗುತ್ತದೆ, ಅದಕ್ಕೇ ನಿಧಾನ.

ನನ್ನದು ಯಲ್ಲಾಪುರದಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ. ಎಸ್ಸೆಸ್ಸೆಲ್ಸಿ ಮುಗಿಸಿ ಸಿರಸಿಯಲ್ಲಿ ಒಬ್ಬರ ಕೈಕೆಳಗೆ ಡಾರ್ಕ್‌ರೂಮಿನ ಕೆಲಸ ಕಲಿತು, ಮದುವೆಯ ಮುಂಚಿನ ವರ್ಷ ಸ್ವಂತ ಅಂಗಡಿ ತೆರೆದವನು ನಾನು. ನನ್ನ ಕಸುಬಿನಲ್ಲಿ ಒಂದು ರೂಢಿಯಿತ್ತು. ಪ್ರಿಂಟು ಕೊಡುವ ಮೊದಲು ಅದರ ಬೆನ್ನಿಗೆ ಪೆನ್ಸಿಲ್ಲಿನಿಂದ ಒಂದೆರಡು ಸಾಲು ಬರೆಯುತ್ತಿದ್ದೆ. ಶಾಯಿಯಾದರೆ ಮುಂದಕ್ಕೆ ಇಳಿದು ಮುಖ ಕೆಡುತ್ತದೆ, ಪೆನ್ಸಿಲ್ ಕೆಡಿಸುವುದಿಲ್ಲ. ಚಿತ್ರದಲ್ಲಿ ಇರುವವರು ಯಾರು, ಎಡಕ್ಕೆ ನಿಂತವರು ಯಾರು, ಮತ್ತೆ ಅವರ ಬಗ್ಗೆ ಮನೆಯವರೇ ಹೇಳಿದ ಒಂದು ಮಾತು. "ಅಂಗಿ ಅಣ್ಣನದು, ಫೋಟೋ ಮುಗಿದ ಕೂಡಲೇ ಬಿಚ್ಚಿ ಕೊಟ್ಟದ್ದು." "ಕಣ್ಣು ಕಿರಿದಾಗಿದ್ದು ಬಿಸಿಲಿಗಲ್ಲ, ನಗು ತಡೆಯಲಿಕ್ಕೆ." ಹೀಗೆ. ಆ ಮಾತು ಸಿಗುವವರೆಗೆ ಗಿರಾಕಿಯನ್ನು ಮಾತಾಡಿಸುತ್ತಿದ್ದೆ. ಎಷ್ಟೋ ಮನೆಗಳಲ್ಲಿ ಗೋಡೆಯ ಫ್ರೇಮನ್ನು ಇಳಿಸಿ, ತಿರುಗಿಸಿ ಓದುತ್ತಾರೆ ಎಂದು ಕೇಳಿ ಒಳಗೊಳಗೇ ಹಿಗ್ಗಿದ್ದೆ. ಓದು ಮುಂದುವರಿದಿದ್ದರೆ ಬರಹಗಾರನಾಗುತ್ತಿದ್ದೆ ಎಂಬ ಒಂದು ಆಸೆ ನನಗೆ ಮೊದಲಿನಿಂದ ಇತ್ತು. ಅದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಎಲ್ಲ ಕೆಟ್ಟದ್ದು ಅಲ್ಲಿಂದಲೇ ಶುರುವಾದದ್ದು.

ಸ್ಟುಡಿಯೋದ ಹಿಂದಿನ ಓಣಿಯಲ್ಲಿ ನಾಗವೇಣಿಯ ಮನೆ. ಜಗಲಿಯ ಮೇಲೆ ಮಿಷನ್ ಇಟ್ಟುಕೊಂಡು ಊರಿನ ಅರ್ಧ ಹೆಂಗಸರ ಜಂಪರು ಹೊಲಿದವಳು ಅವಳು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ, ಬಾಯಿಯಿಂದ ಒಂದು ಮಾತೂ ಬರುತ್ತಿರಲಿಲ್ಲ. ಅವಳ ಅಕ್ಕ ಗಂಗಕ್ಕ, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಂಗಿಯ ಜೊತೆಗೇ ಉಳಿದಳು. ಇಬ್ಬರೂ ಸೇರಿ ಕೈಯಲ್ಲೇ ಒಂದು ಭಾಷೆ ಮಾಡಿಕೊಂಡಿದ್ದರು. ಊರಿನ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಹೆಸರು. ಒಂದು ಕಣ್ಣು ಮುಚ್ಚಿ, ಕೆನ್ನೆಯ ಹತ್ತಿರ ತೋರುಬೆರಳು ಮಡಚಿದರೆ ನಾನು. ಹುಬ್ಬಿನ ಮೇಲೆ ಬೆರಳೆಳೆದರೆ ಮುಮ್ತಾಜ್, ಅವಳ ಹುಬ್ಬಿನಲ್ಲಿ ಹಳೆಯ ಗಾಯದ ಗೆರೆಯಿದೆ.

ಮುಮ್ತಾಜ್ ಪಕ್ಕದ ಓಣಿಯವಳು. ಗಂಡ ಹುಬ್ಬಳ್ಳಿಗೆ ಲಾರಿ ಹೊಡೆಯುತ್ತಾನೆ. ಮದುವೆಯಾಗಿ ಬಂದ ವರ್ಷ ಹೊಲಿಗೆ ಕಲಿಯಲು ನಾಗವೇಣಿಯ ಜಗಲಿ ಹತ್ತಿದವಳು ಇಪ್ಪತ್ತು ವರ್ಷ ಅಲ್ಲಿಂದ ಇಳಿಯಲಿಲ್ಲ. ನಾಗವೇಣಿ ಕತ್ತರಿಸುವುದು, ಇವಳು ಕೈಹೊಲಿಗೆ, ಕೊಕ್ಕೆ. ಅವರಿಬ್ಬರದೂ ಒಂದು ಫೋಟೋ ತೆಗೆದುಕೊಟ್ಟಿದ್ದೆ. ಅದರ ಬೆನ್ನಿಗೆ, "ನಾಗವೇಣಿ, ಮುಮ್ತಾಜ್. ಮಾತಾಡುವವಳು ಒಬ್ಬಳು, ನಗುವವರು ಇಬ್ಬರು" ಎಂದು ಬರೆದಿದ್ದೆ. ಗಂಗಕ್ಕ ಅದನ್ನು ಕೈಯಲ್ಲಿ ತಿಳಿಸಿದಾಗ ನಾಗವೇಣಿ ನನ್ನ ಭುಜಕ್ಕೆ ಒಂದು ಗುದ್ದು ಕೊಟ್ಟು ನಕ್ಕಿದ್ದಳು. ಫೋಟೋವನ್ನು ಮಿಷನ್ನಿನ ಡ್ರಾವರಿನಲ್ಲೇ ಇಟ್ಟುಕೊಂಡಿದ್ದಳು.

ಇನ್ನು ನನ್ನ ಫೋನಿನ ವಿಷಯ. ಎಲ್ಲರ ಕೈಗೂ ಮೊಬೈಲ್ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋಕ್ಕೆ ಪಾಸ್‌ಪೋರ್ಟ್ ಸೈಜು ಬಿಟ್ಟರೆ ಕೆಲಸ ಕಡಿಮೆಯಾಯಿತು. ನನ್ನ ಕೈಯೂ ನಡುಗತೊಡಗಿತು. ಹುಬ್ಬಳ್ಳಿಯ ಕಲರ್ ಲ್ಯಾಬಿನಿಂದ ಆಲ್ಬಮ್ ತರುವ ಮನುಷ್ಯ ಒಂದು ದಿನ, "ಸರ್, ಬರೇ ಫೋಟೋ ಯಾರಿಗೂ ಬ್ಯಾಡ ಈಗ. ನಡುನಡುವ ಬರಹ ಹಾಕಿ ಪುಸ್ತಕ ಮಾಡ್ರಿ. ಬರಿಯಾಕ ಇದು ಐತಲ್ಲ" ಎಂದು ನನ್ನ ಫೋನಿಗೆ ಬರೆದುಕೊಡುವ ಎಐ ಒಂದನ್ನು ಹಾಕಿಕೊಟ್ಟ. ಬಾಯಲ್ಲಿ ಹೇಳಿದರೆ ಸಾಕು, ಅದು ಕನ್ನಡದಲ್ಲೇ ಬರೆಯುತ್ತಿತ್ತು. ಮೊದಮೊದಲು ಗಿರಾಕಿಗಳ ಮೆಸೇಜಿಗೆ ಉತ್ತರ, ಮದುವೆ ಆಲ್ಬಮ್ಮಿಗೆ ನಾಲ್ಕು ಸಾಲು. ನಾನು ಹೇಳಿದ್ದನ್ನು ಅದು ಒಪ್ಪವಾಗಿ ಜೋಡಿಸುತ್ತಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಎಪ್ಪತ್ತರ ಶಾಂತಿ, ನಿವೃತ್ತಿ, ತೀರಿಕೊಂಡವರ ನೆನಪು, ಹೀಗೆ ಎಂಟು ಪುಟ, ಹನ್ನೆರಡು ಪುಟದ ಪುಸ್ತಿಕೆಗಳು ಶುರುವಾದವು.

ಹೆಗಡೆ ಮಾಸ್ತರು ಎಂದು ನಂದೊಳ್ಳಿ ಕಡೆಯ ನಿವೃತ್ತ ಹೈಸ್ಕೂಲ್ ಮಾಸ್ತರರು. ಅವರ ಎಪ್ಪತ್ತರ ಶಾಂತಿಗೆ ನಾನು ಮಾಡಿಕೊಟ್ಟ ಪುಸ್ತಿಕೆ ಹಿಡಿದುಕೊಂಡು ಸ್ಟುಡಿಯೋಕ್ಕೇ ಬಂದರು. "ವಿಠ್ಠಲಾ, ನೀ ಫೋಟೋ ಹಿಡಿಯೂದು ಬಿಟ್ಟು ಬರೀಬೇಕಾಗಿತ್ತು ಮಾರಾಯ! ಎಂಥಾ ಭಾಷೆ! ನಮ್ಮ ಶಾಲೆ ಮಕ್ಕಳು ಯಾರೂ ಹಿಂಗೆ ಬರದ್ವಿಲ್ಲೆ" ಎಂದರು. ನಾನು ತಲೆ ಬಾಗಿಸಿ ನಕ್ಕೆ. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆ ಬಾಗಿದ ತಲೆಯೇ ನನ್ನ ಮೊದಲನೆಯ ಸುಳ್ಳು.

ಆಮೇಲೆ ಊರಲ್ಲಿ ಕೆಲವರು ನನ್ನನ್ನು ಸಾಹಿತಿಗಳೇ ಎಂದು ಕರೆಯತೊಡಗಿದರು. ನನಗದು ರುಚಿಸಿತು. ಹೇಳುವುದು ಕಡಿಮೆ ಮಾಡುತ್ತ ಬಂದೆ, ಅದು ಬರೆಯುವುದು ಹೆಚ್ಚಾಯಿತು. ಹೆಸರು, ವಯಸ್ಸು, ಉದ್ಯೋಗ ಕೊಟ್ಟರೆ ಉಳಿದದ್ದನ್ನು ಅದೇ ತುಂಬುತ್ತಿತ್ತು. ಸಾಮಾನ್ಯವಾಗಿ ಒಳ್ಳೆಯವರು ಹೇಗಿರುತ್ತಾರೋ ಹಾಗೆ. ಮನೆಯಲ್ಲಿ ನನ್ನ ಹೆಂಡತಿ ಸುಮಿತ್ರೆ ಮಾತ್ರ ಒಂದು ದಿನ ಪ್ರಿಂಟುಗಳನ್ನು ಜೋಡಿಸುತ್ತ ಓದಿ, "ಹೋದ ತಿಂಗ್ಳು ಸತ್ತವರೂ ಮಮತೆಯ ಮಡಿಲು, ಈ ತಿಂಗ್ಳು ಸತ್ತವರೂ ಮಮತೆಯ ಮಡಿಲು. ನಿಮ್ಮ ಫೋನಿನ ಊರಲ್ಲಿ ಸಿಡುಕರು ಒಬ್ರೂ ಸಾಯೂದಿಲ್ವಾ?" ಎಂದಳು. ನಾನು ನಗಲಿಲ್ಲ. "ನಿಂಗೆಂತ ಗೊತ್ತಾಗ್ತದೆ ಬರಹ" ಎಂದೆ. ನಲವತ್ತು ವರ್ಷ ನನ್ನ ಬೆನ್ನಬರಹಗಳನ್ನು ಮೊದಲು ಓದಿದವಳು ಅವಳು.

ಎರಡು ವರ್ಷದ ಹಿಂದೆ, ಮಳೆ ಹಿಡಿದ ಮೊದಲ ವಾರದಲ್ಲಿ ನಾಗವೇಣಿ ತೀರಿಕೊಂಡಳು. ಹದಿನೈದು ದಿನದ ಜ್ವರ, ಆಮೇಲೆ ಎದೆಯಲ್ಲಿ ಕಫ. ದಾಸನಕೊಪ್ಪದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ ಅವಳ ಅಣ್ಣನ ಮಗ ರಮೇಶ ಬಂದು ಕ್ರಿಯೆಗೆ ನಿಂತ. ಹದಿಮೂರರ ಊಟಕ್ಕೆ ಬಂದವರ ಕೈಗೆ ಕೊಡಲು ಒಂದು ಪುಸ್ತಿಕೆ ಬೇಕೆಂದು ನನಗೆ ಹೇಳಿದವನು ಅವನೇ. "ಅತ್ತೆಗೆ ಯಾರೂ ಎಂತದೂ ಮಾಡಿದ್ದಿಲ್ಲೆ ವಿಠ್ಠಲಣ್ಣ, ಇದಾದ್ರೂ ಚೆಂದ ಆಗ್ಲಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಗಂಗಕ್ಕನನ್ನು ಮಾತಾಡಿಸಲು ಹೋದೆ. ಅವಳಿಗೆ ಆಗಲೇ ಎಪ್ಪತ್ತೆಂಟು, ಎರಡೂ ಕಣ್ಣಿಗೆ ಪೊರೆ. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಅವಳ ಮುಂದೆ ಇಟ್ಟು ಕೂತೆ. ಎರಡು ತಾಸು ಮಾತಾಡಿದಳು. ಹೊರಗೆ ಜೋರು ಮಳೆ, ಮಾಡಿನ ತಗಡಿನ ಸದ್ದು. ಇದೆಲ್ಲ ರೆಕಾರ್ಡ್ ಆಗುತ್ತಿದೆಯಲ್ಲ ಎಂಬ ಧೈರ್ಯದಲ್ಲಿ ನಾನು ಹ್ಞೂಂಗುಟ್ಟುತ್ತ ಕೂತಿದ್ದೆ. ನಿಜ ಹೇಳಬೇಕೆಂದರೆ ಆ ದಿನ ನನ್ನ ತಲೆಯಲ್ಲಿ ಲೆನ್ಸುಗಳ ಚಿಂತೆಯಿತ್ತು. ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯದಂತೆ ಕಪಾಟಿನೊಳಗೆ ಬಲ್ಬು ಉರಿಸಿಡುತ್ತೇವೆ. ಅವತ್ತು ಕರೆಂಟಿರಲಿಲ್ಲ.

ಸ್ಟುಡಿಯೋಕ್ಕೆ ಬಂದು ಆ ರೆಕಾರ್ಡಿಂಗನ್ನು ನಾನು ಕೇಳಲಿಲ್ಲ. ಎರಡು ತಾಸು ಯಾರು ಕೇಳುತ್ತಾರೆ? ಫೋನಿಗೆ, "ನಾಗವೇಣಿ, ವಯಸ್ಸು ಅರವತ್ತೊಂಬತ್ತು, ಅವಿವಾಹಿತೆ, ಹೊಲಿಗೆ ಕೆಲಸ, ಅಕ್ಕನ ಜೊತೆ ವಾಸ, ಶ್ರದ್ಧಾಂಜಲಿ ಪುಸ್ತಿಕೆಗೆ ಹೃದಯ ಮುಟ್ಟುವಂತೆ ಬರೆ" ಎಂದು ಹೇಳಿದೆ. ಅರ್ಧ ನಿಮಿಷದಲ್ಲಿ ಬರೆದುಕೊಟ್ಟಿತು. ಕೊನೆಯಲ್ಲಿ ಒಂದು ಸಾಲೂ ಇತ್ತು: "ಅವರ ಬಗ್ಗೆ ವಿಶೇಷ ನೆನಪುಗಳಿದ್ದರೆ ತಿಳಿಸಿ, ಸೇರಿಸಿ ಬರೆಯುತ್ತೇನೆ." ನಾನು ಕೇಳಬೇಕಾದ ಪ್ರಶ್ನೆಯನ್ನು ಅದು ಕೇಳಿತ್ತು. ನಾನು ಮಾಡಿದ್ದು, ಪ್ರೆಸ್ಸಿಗೆ ಕಳಿಸುವ ಮುಂಚೆ ಆ ಸಾಲನ್ನು ಅಳಿಸಿದ್ದು.

ಓದದೆ ಕಳಿಸಿದೆ ಎಂದರೆ ಇವತ್ತು ಎಷ್ಟೋ ಹಗುರಾಗುತ್ತಿತ್ತು. ಓದಿದ್ದೆ. ಎರಡು ಸಲ ಓದಿದ್ದೆ. ಒಂದು ಕಡೆ ಕಣ್ಣೂ ಒದ್ದೆಯಾಗಿತ್ತು. ನಲವತ್ತು ವರ್ಷ ದಿನಾ ಕಂಡ ನಾಗವೇಣಿಯ ಬಗ್ಗೆ ಓದುತ್ತಿದ್ದೇನೆ ಎಂಬುದು ಒಂದು ಕ್ಷಣವೂ ತಲೆಗೆ ಹೊಳೆಯಲಿಲ್ಲ. ಚೆಂದದ ಬರಹ ಓದುತ್ತಿದ್ದೆ, ಅಷ್ಟೆ. ನಾನು ಬರೆದದ್ದು ಎಂದು ಜನ ತಿಳಿಯುವ ಬರಹ.

ಹದಿಮೂರನೆಯ ದಿನ ಊಟಕ್ಕೆ ಎಲೆ ಹಾಕುವ ಮುಂಚೆ ರಮೇಶ ಒಳಗಿನ ಪಡಸಾಲೆಯಲ್ಲಿ ಎದ್ದು ನಿಂತು ಪುಸ್ತಿಕೆಯನ್ನು ದೊಡ್ಡದಾಗಿ ಓದಿದ. ಐವತ್ತು ಪ್ರತಿ ಮಾಡಿಸಿದ್ದೆವು, ಹೆಚ್ಚಿನವರ ಕೈಯಲ್ಲೂ ಇತ್ತು. ಗಂಗಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ಮುಮ್ತಾಜ್ ಹೊಸ್ತಿಲ ಹತ್ತಿರ ನಿಂತಿದ್ದಳು. ಮೊದಲ ಪುಟ ಸರಿಯಾಗಿ ಹೋಯಿತು. ಎರಡನೆಯ ಪುಟದಲ್ಲಿ ರಮೇಶ ಓದಿದ: "ಎಲ್ಲರನ್ನೂ ಪ್ರೀತಿಯಿಂದ ಮಾತನಾಡಿಸುತ್ತಿದ್ದ ನಾಗವೇಣಿಯವರ ಸವಿಮಾತುಗಳು ಇಂದಿಗೂ ನಮ್ಮ ಕಿವಿಯಲ್ಲಿ ಗುನುಗುತ್ತಿವೆ. ಬಾಗಿಲಿಗೆ ಬಂದವರನ್ನು ಹೆಸರು ಹಿಡಿದು ಕರೆಯುತ್ತಿದ್ದ ಆ ದನಿ..."

ಅಲ್ಲಿಗೆ ನಿಲ್ಲಿಸಿದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು, ತಕ್ಷಣ ಕೆಮ್ಮಿ ಮುಚ್ಚಿಕೊಂಡರು. ಒಬ್ಬ ಹೆಂಗಸು, "ಅಯ್ಯೋ ಶಿವನೇ, ಅದ್ಕೆ ದನಿ ಎಲ್ಲಿತ್ತಾ?" ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

"ವಿಠ್ಠಲಣ್ಣ, ಇದೆಂತಾ?" ಎಂದ ರಮೇಶ.

ಎಲ್ಲರೂ ನನ್ನ ಕಡೆ ತಿರುಗಿದರು. ಹೆಗಡೆ ಮಾಸ್ತರೂ ಇದ್ದರು. ಆಗ ಒಂದೇ ಮಾತು ಸಾಕಿತ್ತು. ನಾನು ಬರೆದದ್ದಲ್ಲ, ಫೋನು ಬರೆದದ್ದು, ನಾನು ಗಮನಿಸಲಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ಮಾಸ್ತರ ಪುಸ್ತಿಕೆ, ಉಳಿದವರ ಪುಸ್ತಿಕೆ, ಸಾಹಿತಿಗಳೇ ಎಂದು ಕರೆದದ್ದು ಎಲ್ಲವೂ ಬಿದ್ದುಹೋಗುತ್ತಿತ್ತು. ನನ್ನ ಬಾಯಿಂದ ಬಂದ ಮಾತು ಇದು: "ಗಂಗಕ್ಕ ಹೇಳಿದ್ದನ್ನೇ ನಾ ಬರ್ದದ್ದು. ಎರಡು ತಾಸು ಕೂತು ಬರಕೊಂಡಿದ್ದೆ."

ಗಂಗಕ್ಕ ತಲೆ ಎತ್ತಿದಳು. ಪೊರೆ ಬಂದ ಕಣ್ಣು ನನ್ನ ದನಿಯ ದಿಕ್ಕಿಗೆ ತಿರುಗಿತು. "ನಾ ಹೇಳಿದ್ನಾ?" ಎಂದಳು. ಸಿಟ್ಟಿನಿಂದಲ್ಲ, ಕೇಳುವ ಹಾಗೆ. ಯಾರೋ, "ಬಿಡಿ, ದುಃಖದಲ್ಲಿ ಮನುಷ್ಯರಿಗೆ ತೋಚೂದಿಲ್ಲ" ಎಂದರು. ರಮೇಶ ಪುಸ್ತಿಕೆ ಮಡಚಿದ. ಎಲೆ ಹಾಕಿದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬಹುಶಃ ಮರೆತುಬಿಡುತ್ತಿದ್ದೆ. ಊಟವಾದ ಮೇಲೆ ರಮೇಶ ನಾಗವೇಣಿಯ ವಸ್ತುಗಳ ಮಾತೆತ್ತಿದ. ಗಂಗಕ್ಕ, "ಮಿಷನ್ ಮುಮ್ತಾಜಂಗೆ ಹೋಗಬೇಕು. ಅವಳು ನಂಗೆ ಹೇಳಿ ಹೋಗಿದ್ಲು" ಎಂದು ಕೈಯಲ್ಲಿ ತೋರಿಸಿದಳು. ಅಂಗೈಯನ್ನು ಮಿಷನ್ನಿನ ಪೆಡಲಿನಂತೆ ಮೇಲೆ ಕೆಳಗೆ ಮಾಡಿ, ಹುಬ್ಬಿನ ಮೇಲೆ ಬೆರಳೆಳೆದು, ಎರಡೂ ಕೈಯನ್ನು ಮುಂದೆ ಚಾಚಿದಳು. ಅಲ್ಲಿದ್ದವರಲ್ಲಿ ಆ ಕೈಮಾತು ಓದಬಲ್ಲವಳು ಮುಮ್ತಾಜ್ ಒಬ್ಬಳೇ, ಮಿಷನ್ ತನಗೇ ಬರುವ ಮಾತಾದ್ದರಿಂದ ಅವಳು ಬಾಯಿಬಿಡುವ ಹಾಗಿರಲಿಲ್ಲ.

ರಮೇಶ ಮೆತ್ತಗೆ ಹೇಳಿದ: "ದೊಡ್ಡತ್ತೆ, ನೀ ಅವ್ಳ ಸವಿಮಾತು ಕಿವೀಲಿ ಕೇಳ್ತದೆ ಅಂತನೂ ಹೇಳಿದ್ದೆ. ನೀ ಈಗ ಎಂತ ಹೇಳ್ತೆ ಅದು ನಿಂಗೇ ಗೊತ್ತಿಲ್ಲೆ. ನಾ ನೋಡ್ಕಳ್ತೆ, ನೀ ಸುಮ್ನಿರು."

ಅರವತ್ತು ವರ್ಷ ತಂಗಿಯ ಮಾತನ್ನು ಊರಿಗೆ ದಾಟಿಸಿದವಳು ಗಂಗಕ್ಕ. ಅವಳು ಹೇಳಿದ್ದೇ ನಾಗವೇಣಿ ಹೇಳಿದ್ದು ಎಂದು ಊರು ನಂಬಿತ್ತು. ನನ್ನ ಒಂದು ಸುಳ್ಳಿನಿಂದ ಆ ಮಧ್ಯಾಹ್ನ ಗಂಗಕ್ಕನ ಮಾತಿಗೆ ಬೆಲೆ ಇಲ್ಲದಾಯಿತು. ನಾನು ಅಲ್ಲೇ ಕೂತು ನೋಡಿದೆ.

ನಾಲ್ಕೈದು ದಿನ ಬಿಟ್ಟು ಗಂಗಕ್ಕ ಗೋಡೆ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದಳು. ಕೊಡೆಯಿದ್ದರೂ ಸೀರೆಯ ಅಂಚು ನೆನೆದಿತ್ತು. ಸ್ಟೂಲಿನ ಮೇಲೆ ಕೂರಿಸಿದೆ.

"ವಿಠ್ಠಲಾ, ಯಾರೂ ಇಲ್ಲ ಅಲ್ದಾ?" ಎಂದಳು.

"ಇಲ್ಲ ಅಕ್ಕಾ."

"ಒಂದು ಕೇಳ್ತೆ. ಖರೇ ಹೇಳು. ನಾ ಹಂಗೆ ಹೇಳಿದ್ದೆನಾ? ನೆನಪೇ ಬತ್ತಾ ಇಲ್ಲೆ. ಸಾಯೂಕೆ ಹೆದರಿಕಿಲ್ಲ ನಂಗೆ. ತಲೆ ಕೆಡ್ತಾ ಅದ್ಯಾ ಹೇಳಿ ಹೆದರಿಕೆ. ಅವಳ ಮಾತು ಈಗ ನನ್ನೊಬ್ಬಳ ಹತ್ರನೇ ಅಲ್ದಾ ಇರೂದು. ನಾ ಮರ್ತ್ರೆ ಅವಳು ಹೇಳಿದ್ದೆಲ್ಲ ಹೋಯ್ತು."

ದೇವರ ಸಾಕ್ಷಿಯಾಗಿ ಹೇಳುತ್ತೇನೆ, ಆಗ ಅಂಗಡಿಯಲ್ಲಿ ನಾವಿಬ್ಬರೇ. ಮಾನ ಹೋಗುವಂಥದ್ದು ಏನೂ ಇರಲಿಲ್ಲ. ಆದರೂ ನಾನು ಹೇಳಿದೆ: "ಬಾಯಿ ತಪ್ಪಿ ಬಂದಿರ್ತದೆ ಬಿಡು ಅಕ್ಕಾ. ಅಷ್ಟು ದೊಡ್ಡ ದುಃಖ, ಆಗ್ತದೆ."

"ಹಂಗಾ?" ಎಂದಳು. "ಹಂಗಾರೆ ಮಿಷನ್ ವಿಷ್ಯನೂ ನಾ ಕಲ್ಪಿಸ್ಕಂಡಿದ್ದೇನೋ" ಎಂದು ಎದ್ದಳು. ಮೆಟ್ಟಿಲಿಳಿಯಲು ನಾನು ಕೈಹಿಡಿದೆ. ಅವಳು ನನ್ನ ಕೈಯನ್ನು ನಂಬಿಕೊಂಡೇ ಇಳಿದಳು.

ಪಡಸಾಲೆಯ ಸುಳ್ಳನ್ನು ಗಾಬರಿಯಲ್ಲಿ ಹೇಳಿದೆ ಎನ್ನಬಹುದು. ಇದಕ್ಕೆ ಏನನ್ನುವುದು?

ಅದೇ ವಾರ ರಮೇಶ ಟೆಂಪೋ ತಂದು ಮಿಷನ್ ಏರಿಸಿದ. ಮನೆಯವಳು ಹೊಲಿಗೆ ಕಲಿಯುತ್ತಾಳಂತೆ ಎಂದ. ಗಂಗಕ್ಕ ಬೇಡ ಎನ್ನಲಿಲ್ಲ. ಡ್ರಾವರಿನೊಳಗಿನ ಫೋಟೋವನ್ನು ಯಾರೂ ನೆನೆಸಲಿಲ್ಲ. ಮುಮ್ತಾಜ್ ತನ್ನ ಮನೆಯ ಬಾಗಿಲಲ್ಲಿ ನಿಂತು ಟೆಂಪೋ ತಿರುಗುವವರೆಗೆ ನೋಡಿದ್ದನ್ನು ನಾನು ಸ್ಟುಡಿಯೋದ ಹಿಂಬಾಗಿಲಿಂದ ಕಂಡೆ. ಮರುದಿನದಿಂದ ಜಗಲಿ ಖಾಲಿ. ಗಂಗಕ್ಕ ಅಲ್ಲೇ ಕೂರುತ್ತಿದ್ದಳು, ಕೈ ಎರಡೂ ಮಡಿಲಲ್ಲಿ. ಮುಮ್ತಾಜ್ ಬಂದು ಕೈಯಲ್ಲಿ ಏನಾದರೂ ಕೇಳಿದರೆ ಗಂಗಕ್ಕ ಬಾಯಲ್ಲಿ ಉತ್ತರ ಕೊಡುತ್ತಿದ್ದಳಂತೆ. ಕೈಯಾಡಿಸುವುದನ್ನೇ ಬಿಟ್ಟಿದ್ದಳು.

ಆಷಾಢ ಕಳೆಯಿತು. ಗಿರಾಕಿ ಇಲ್ಲ, ಪ್ರಿಂಟುಗಳೆಲ್ಲ ತೇವಕ್ಕೆ ಮಡಚಿಕೊಳ್ಳುತ್ತಿದ್ದವು. ಒಂದು ಮಧ್ಯಾಹ್ನ ಫೋನಿನಲ್ಲಿ ಜಾಗ ತುಂಬಿದೆ ಎಂದು ಬಂತು. ಬೇಡದ್ದನ್ನು ಅಳಿಸುತ್ತ ಕೂತೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಆ ರೆಕಾರ್ಡಿಂಗು: ಎರಡು ತಾಸು ಹನ್ನೊಂದು ನಿಮಿಷ. ಅಳಿಸಲೆಂದು ಬೆರಳಿಟ್ಟವನು, ನಡುಗುವ ಕೈ, ತಪ್ಪಿ ಅದನ್ನು ಹಚ್ಚಿಬಿಟ್ಟೆ.

ಮೊದಲು ಮಳೆಯ ಸದ್ದು. ಆಮೇಲೆ ಗಂಗಕ್ಕನ ದನಿ: "ವಿಠ್ಠಲಾ, ಬರೀವಾಗ ಅವಳಿಗೆ ಮಾತಿರ್ಲಿಲ್ಲ ಹೇಳೂದನ್ನ ಮೊದಲು ಬರಿ. ಮುಚ್ಚಿಡಬೇಡ. ಆದ್ರೆ ಪಾಪ ಅಂತ ಹೇಳಿ ಬರೀಬೇಡ. ಅವಳಿಗೆ ಪಾಪ ಅಂದ್ರೆ ಸಿಟ್ಟು ಬತ್ತಿತ್ತು."

ಅದಕ್ಕೆ ನನ್ನ ಉತ್ತರವೂ ಅದರಲ್ಲಿತ್ತು: "ಹ್ಞೂಂ, ಹ್ಞೂಂ."

ಪೂರಾ ಕೇಳಿದೆ. ನಡುವೆ ನನಗೊಂದು ಫೋನು ಬಂದಿತ್ತು, ಯಾರದೋ ಪಾಸ್‌ಪೋರ್ಟ್ ಫೋಟೋ ವಿಷಯ. ನಾನು ಮಾತಾಡಿ ಮುಗಿಸುವವರೆಗೆ ಗಂಗಕ್ಕ ತಡೆದು ಕೂತದ್ದು, ಆಮೇಲೆ "ಎಲ್ಲಿವರೆಗೆ ಹೇಳಿದ್ದೆ?" ಎಂದು ಕೇಳಿದ್ದು, ಅದು ಗೊತ್ತಿಲ್ಲದ ನಾನು "ಮುಂದೆ ಹೇಳಕ್ಕಾ" ಎಂದದ್ದು, ಎಲ್ಲ ಇತ್ತು. ನಾಗವೇಣಿ ಸಿಡುಕಿ ಎಂದಳು, ಅಳತೆಗೆಂದು ಕೊಳಕು ಜಂಪರು ಕೊಟ್ಟವರ ಮುಖದ ಮೇಲೇ ಅದನ್ನು ಎಸೆಯುತ್ತಿದ್ದಳು ಎಂದಳು. ಮಿಷನ್ನಿನ ಸದ್ದು ಅವಳಿಗೆ ಅಂಗಾಲಿನಿಂದ ತಿಳಿಯುತ್ತಿತ್ತು, ದಾರ ಕಡಿದರೆ ನೋಡದೆ ಹೇಳುತ್ತಿದ್ದಳು ಎಂದಳು. ಕೊನೆಗೆ ಮಿಷನ್ ಮುಮ್ತಾಜಳಿಗೆ ಎಂದು ಮೂರು ದಿನ ಮೂರು ಸಲ ಕೈಯಲ್ಲಿ ಹೇಳಿದ್ದನ್ನೂ ಹೇಳಿದಳು. ಸವಿಮಾತು ಎಂಬ ಶಬ್ದ ಆ ಎರಡು ತಾಸಿನಲ್ಲಿ ಎಲ್ಲಿಯೂ ಇರಲಿಲ್ಲ.

ಅದೇ ಹೊತ್ತಿಗೆ ಫೋನು ಹಿಡಿದು ಓಣಿಗಿಳಿದೆ. ಕೊಡೆ ತೆಗೆದುಕೊಳ್ಳಲೂ ನೆನಪಾಗಲಿಲ್ಲ. ಗಂಗಕ್ಕನ ಎದುರು ಜಗಲಿಯ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಫೋನು ಬರೆದದ್ದು, ನಾನು ಅವಳ ಹೆಸರು ಹೇಳಿದ್ದು, ಅವಳೇ ಬಂದು ಕೇಳಿದಾಗಲೂ ಸುಳ್ಳಾಡಿದ್ದು. ಆಮೇಲೆ ಅವಳ ದನಿಯನ್ನು ಹಚ್ಚಿದೆ.

ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವಳು ಅಷ್ಟನ್ನು ಕೇಳಿ, "ಹಂಗಾರೆ ನಾ ಹೇಳಿರ್ಲಿಲ್ಲೆ" ಎಂದಳು. ಮತ್ತೊಮ್ಮೆ, "ನಂಗೆ ತಲೆ ಕೆಟ್ಟಿಲ್ಲೆ" ಎಂದಳು. ಅವಳ ಮುಖದಲ್ಲಿ ಕಂಡದ್ದು ಸಂತೋಷ. ಆ ಸಂತೋಷವನ್ನು ನೋಡುವುದು ನನ್ನಿಂದಾಗಲಿಲ್ಲ, ನೆಲ ನೋಡಿದೆ. ಅವಳ ಕೈಗಳು ಮಡಿಲಿನಿಂದ ಎದ್ದು ಏನೋ ಹೇಳಿಕೊಂಡವು. ನನಗೆ ಅರ್ಥವಾಗಲಿಲ್ಲ. ನನಗೆ ಹೇಳಿದ್ದೂ ಅಲ್ಲ.

ಮರುದಿನ ದಾಸನಕೊಪ್ಪಕ್ಕೆ ಹೋದೆ. ರಮೇಶ ಎಲ್ಲ ಕೇಳಿದ. "ಮೊದ್ಲೇ ಹೇಳಿದ್ರೆ ಬಿಟ್ಟೇ ಹೋಗ್ತಿದ್ದೆ ವಿಠ್ಠಲಣ್ಣ. ಇವ್ಳಿಗೆ ಕಾಲಲ್ಲಿ ತುಳಿಯೂದು ಆಗ್ಲಿಲ್ಲ. ಸಿರ್ಸೀಲಿ ಎಕ್ಸ್‌ಚೇಂಜಿಗೆ ಹಾಕಿ ಕರೆಂಟಿನ ಮಿಷನ್ ತಂದೆ" ಎಂದ. ಅಲ್ಲಿಂದ ಸಿರಸಿಗೆ ಹೋದೆ. ಅಂಗಡಿಯವರು ಹಳೆಯ ಮಿಷನ್ನುಗಳನ್ನು ಯಾರಿಗೋ ಒಟ್ಟಿಗೆ ಕೊಟ್ಟಾಗಿತ್ತು. ಯಾರೋ ರಿಪೇರಿಯವರು, ಊರು ಊರಿಗೆ ಮಾರುತ್ತಾರೆ ಎಂದರು. ಅಂದಿನಿಂದ ಡ್ರಾವರು ಎಳೆಸುವುದು ಶುರುವಾಯಿತು.

ಮುಮ್ತಾಜಳಿಗೆ ಹೇಳಲು ಹೋದಾಗ ಅವಳು ಬಾಡಿಗೆಯ ಮಿಷನ್ನಿನ ಮೇಲೆ ಕೂತಿದ್ದಳು. "ಕುಂದರ್ರಿ ಅಣ್ಣಾರ" ಎಂದಳು. ಹೇಳಿ ಮುಗಿಸಿ, ಇನ್ನೇನು ಮಾಡಲಿ ಎಂದು ಕೇಳಿದೆ. ಹೊಸ ಮಿಷನ್ ಕೊಡಿಸುತ್ತೇನೆ ಎಂದೆ. ಅವಳು ಹೊಲಿಯುವುದನ್ನು ನಿಲ್ಲಿಸಿದಳು.

"ನನಗ ಮಿಷನ್ ಬ್ಯಾಡ್ರಿ. ಆ ದಿನ ಎಲ್ಲಾರ ಮುಂದ ಗಂಗಕ್ಕನ್ನ ಹುಚ್ಚಿ ಮಾಡಿದ್ರಿ ನೀವು. ನನ್ನ ಕಣ್ಣ ಮುಂದ. ಈಗ ಓಣ್ಯಾಗ ಬಂದು ನಮ್ಮಿಬ್ಬರ ಕಿವ್ಯಾಗ ಹೇಳಿದ್ರ ಆತೇನು?" ಎಂದಳು. ಕೈಯಲ್ಲಿದ್ದ ಜಂಪರಿನ ಹೊಲಿಗೆ ತಪ್ಪಿತ್ತು. ಅದನ್ನು ನನಗೆ ತೋರಿಸಿದಳು. "ಹೊಲಿಗಿ ತಪ್ಪಿದ್ರ ಮ್ಯಾಲೆ ಮ್ಯಾಲೆ ಹೊಲ್ಯಾಕ ಆಕಿ ಬಿ‌ಡ್ತಿದ್ದಿಲ್ಲ. ಹಿಂಗ ಮಾಡ್ತಿದ್ಲು." ಎರಡು ಬೆರಳಿನಿಂದ ಗಾಳಿಯಲ್ಲಿ ದಾರ ಹಿರಿದು ತೋರಿಸಿದಳು. "ಪೂರಾ ಬಿಚ್ಚು ಅಂತ. ಎಲ್ಲಿಂದ ತಪ್ಪೇತಿ ಅಲ್ಲೀತನಕ."

ನಾಗವೇಣಿಯ ವರ್ಷಾಂತಿಕಕ್ಕೆ ಅದೇ ಪಡಸಾಲೆಯಲ್ಲಿ ಹೆಚ್ಚುಕಡಿಮೆ ಅದೇ ಜನ ಸೇರಿದ್ದರು. ಎಲೆ ಹಾಕುವ ಮುಂಚೆ ಎದ್ದು ನಿಂತೆ. ಹೇಳಿದೆ. ಗಂಗಕ್ಕ ಒಂದು ತಪ್ಪು ಮಾತನ್ನೂ ಆಡಿರಲಿಲ್ಲ, ಆ ಸಾಲು ಬರೆದದ್ದು ಫೋನು, ಸುಳ್ಳು ಹೇಳಿದ್ದು ನಾನು, ಅವಳು ಕೈಯಲ್ಲಿ ತೋರಿಸಿದ್ದೆಲ್ಲ ನಾಗವೇಣಿಯದೇ ಮಾತು. ಗಂಗಕ್ಕನ ರೆಕಾರ್ಡಿಂಗಿನ ಮೊದಲ ಭಾಗವನ್ನೂ ಹಚ್ಚಿದೆ.

ನೆಲ ಬಾಯಿಬಿಡಬಹುದು ಎಂದುಕೊಂಡಿದ್ದೆ. "ಹೋಗ್ಲಿ ಬಿಡಿ ವಿಠ್ಠಲಣ್ಣ, ಈ ಫೋನಿನ ಕಾಲದಲ್ಲಿ ಇಂಥದ್ದೆಲ್ಲ ಇದ್ದದ್ದೇ" ಎಂದರು ಒಬ್ಬರು. ಎಲೆ ಬಂತು. ಅನ್ನ ಬಂತು. ಹೆಗಡೆ ಮಾಸ್ತರು ಮಾತ್ರ ನನ್ನ ಎದುರಿನ ಸಾಲಿನಲ್ಲಿ ಅನ್ನ ಕಲಸದೆ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ ಮೆಲ್ಲಗೆ ಕೇಳಿದರು: "ಅಲ್ದೋ ವಿಠ್ಠಲಾ, ಹಂಗಾರೆ ನನ್ನ ಪುಸ್ತಕದಲ್ಲಿ ನನ್ನ ಬಗ್ಗೆ ಬರದ್ದು?"

"ಅದೂ ಮಾಸ್ತರೇ."

"ಪೂರಾ?"

"ಹೆಸರು, ವಯಸ್ಸು, ಶಾಲೆ ನಾ ಹೇಳಿದ್ದು."

ಅವರು ತಲೆಯಾಡಿಸಿದರು. "ನಮ್ಮನೆಯವಳಿಗೆ ಅದನ್ನ ಎಷ್ಟು ಸಲ ಓದಿ ಹೇಳಿದ್ನೋ" ಎಂದರು. ಆಮೇಲೆ ಅವರು ಸ್ಟುಡಿಯೋದ ಕಡೆ ಬಂದಿಲ್ಲ.

ಊಟ ಮುಗಿಸಿ ಹೊರಡುವಾಗ ಗಂಗಕ್ಕ ಕರೆದಳು. "ಹೇಳಿದ್ದು ಕೇಳಿದೆ. ಆದ್ರೆ ಅಚ್ಚಾದದ್ದು ಮನೆ ಮನೇಲಿ ಅದೆಯಲ್ಲ? ನಾ ಸತ್ತ ಮೇಲೂ ಅದೇ ಇರ್ತದೆ" ಎಂದಳು.

ಹಾಗಾಗಿ ಒಂದು ವರ್ಷದಿಂದ ಮನೆ ಮನೆಗೆ ಹೋಗುತ್ತಿದ್ದೇನೆ. ಪುಸ್ತಿಕೆ ಪಡೆದವರ ಹೆಸರನ್ನು ರಮೇಶನೇ ನೆನಪು ಮಾಡಿ ಬರೆದುಕೊಟ್ಟ. ಕೆಲವರು ಅಟ್ಟದಿಂದ ಹುಡುಕಿ ತೆಗೆದುಕೊಟ್ಟರು. ಒಂದು ಮನೆಯಲ್ಲಿ ಮಗುವಿನ ಪುಸ್ತಕಕ್ಕೆ ಬೈಂಡ್ ಹಾಕಿದ್ದರು. ಮತ್ತಿಘಟ್ಟದಲ್ಲಿ ಒಬ್ಬರು, "ಎಂತಕ್ಕೆ ಇಷ್ಟು ತ್ರಾಸು ತಗಳ್ತ್ರಿ? ಎಸೆದುಬಿಡ್ತೆ ಬಿಡಿ" ಎಂದರು. ಎಸೆಯುವುದು ಬೇಡ ಎಂದೆ. ಫೋಟೋಗಳು ನಿಜವಾದವು, ಅವು ಇರಲಿ. ನಾನು ಎರಡನೆಯ ಪುಟ ತೆಗೆದು ಆ ಸಾಲುಗಳನ್ನು ಹೊಡೆದುಹಾಕಿ, ಪುಸ್ತಿಕೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ಅಕ್ಷರ ಓರೆಯಾಗುತ್ತದೆ. ಒಂದೊಂದು ಮನೆಯಲ್ಲಿ ಕಾಲು ತಾಸು ಹಿಡಿಯುತ್ತದೆ. ಸುಮಿತ್ರೆ ಒಂದು ದಿನ, "ನಾ ಬರೆದುಕೊಡ್ಲಾ?" ಎಂದಳು. ಬೇಡ ಎಂದೆ. ಫೋನಿನ ಆ ಬರಹಗಾರ ಈಗಲೂ ಇದೆ, ಲ್ಯಾಬಿಗೆ ಪತ್ರ ಬರೆಯಲು ಉಪಯೋಗಿಸುತ್ತೇನೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೆ ನಾಗವೇಣಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಕಳೆದ ವಾರ ಸಿದ್ದಾಪುರಕ್ಕೆ ಹೋದದ್ದು ಅದಕ್ಕೇ, ಗಂಗಕ್ಕನ ದೂರದ ಸಂಬಂಧಿಯೊಬ್ಬರ ಮನೆಗೆ. ತಿರುಗಿ ಬಂದು ಓಣಿಗೆ ಹೋದೆ. ಗಂಗಕ್ಕ ಜಗಲಿಯಲ್ಲಿದ್ದಳು. ಈಗ ಅವಳಿಗೆ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಮುಮ್ತಾಜ್ ಬಾಡಿಗೆಯ ಮಿಷನ್ನನ್ನು ಅಲ್ಲಿಗೇ ತಂದು ಇಟ್ಟುಕೊಂಡಿದ್ದಾಳೆ.

"ಸಿಕ್ತಾ?" ಎಂದಳು ಗಂಗಕ್ಕ.

"ಪುಸ್ತಿಕೆ ಸಿಕ್ತು. ಮಿಷನ್ ಅಲ್ಲ."

"ಇನ್ನೆಷ್ಟು ಮನೆ?"

"ಆರು."

"ಎಂತ ಬರೀತೆ ನೀ? ಒಂದ್ಸಲ ಹೇಳು."

ನಾನು ಅವತ್ತಿನವರೆಗೆ ಅವಳಿಗೆ ಅದನ್ನು ಓದಿ ಹೇಳಿರಲಿಲ್ಲ. ಹೇಳಿದೆ: "ನಾಗವೇಣಿಗೆ ಮಾತಿರಲಿಲ್ಲ. ಸಿಡುಕಿ. ಅಂಗಾಲಿನಿಂದ ಮಿಷನ್ನಿನ ಸದ್ದು ತಿಳಿಯುತ್ತಿದ್ದಳು. ಮಿಷನ್ ಮುಮ್ತಾಜಳಿಗೆ ಎಂದು ಕೈಯಲ್ಲಿ ಹೇಳಿ ಹೋದಳು. ಅಕ್ಕ ಗಂಗಕ್ಕ ಇದೆಲ್ಲವನ್ನೂ ನನಗೆ ಹೇಳಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ."

ಮುಮ್ತಾಜ್ ಮಿಷನ್ ನಿಲ್ಲಿಸಿದ್ದಳು. ಗಂಗಕ್ಕ ತುಸು ಯೋಚಿಸಿ, "ಪಾಪ ಹೇಳಿ ಬರದ್ದಿಲ್ಲೆ ಅಲ್ದಾ?" ಎಂದು ಕೇಳಿದಳು.

"ಇಲ್ಲಕ್ಕಾ."

"ಸರಿ. ಆರೂ ಮಳೆ ಬೀಳೂದ್ರೊಳಗೆ ಮುಗಿಸು" ಎಂದಳು. ಮಿಷನ್ ಮತ್ತೆ ಶುರುವಾಯಿತು.